ಬೋಲ್ಟ್ ಮುರಿದದ್ದೇಕೆ?



ಬೊಮ್ಮಸಂದ್ರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಮೊನ್ನೆ ಹೋಗಿದ್ದೆ. ಅವಳ ಅಮ್ಮಿಯೇ ಫೋನ್ ಮಾಡಿ ಕರೆಸಿದ್ದರು. "ಆಪಾ, ನೀವಾದರೂ ಇವಳಿಗೆ ಬುದ್ಧಿ ಹೇಳಿ. ಬಿ.ಇ. ಮುಗಿಯಿತು, ಎರಡು ವರ್ಷ ಕೆಲಸವೂ ಆಯಿತು. ಒಳ್ಳೆಯ ಸಂಬಂಧ ಬಂದಿದೆ. ಈಗ ಎಂ.ಟೆಕ್. ಮಾಡುತ್ತೇನೆ ಅಂತ ಕೂತಿದ್ದಾಳೆ. ಅದೂ ಕಬ್ಬಿಣದ ಓದು!"

ಕಂಪ್ಯೂಟರ್ ಓದು ಎಂದಿದ್ದರೆ ಆ ತಾಯಿ ಇಷ್ಟು ಚಿಂತಿಸುತ್ತಿರಲಿಲ್ಲವೇನೋ. ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿ ಇದೆಯಲ್ಲ!

ಹುಡುಗಿ ವಾದ ಮಾಡಲಿಲ್ಲ. ಒಳಗೆ ಹೋಗಿ ಕಾಗದದಲ್ಲಿ ಸುತ್ತಿಟ್ಟಿದ್ದ ಎರಡು ತುಂಡಾದ ಬೋಲ್ಟೊಂದನ್ನು ತಂದು ನನ್ನ ಕೈಗಿಟ್ಟಳು. ಅವಳು ಅಲ್ಲಿಯ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದಾಳೆ. ಅಲ್ಲಿ ಸಂಜೆ ಬಿಗಿದಿಟ್ಟ ಬೋಲ್ಟುಗಳಲ್ಲಿ ಕೆಲವು ಬೆಳಿಗ್ಗೆ ಬಂದು ನೋಡಿದರೆ ತಾವಾಗಿಯೇ ಮುರಿದಿದ್ದವಂತೆ. ರಾತ್ರಿ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ಮೇಸ್ತ್ರಿ "ಉಕ್ಕೇ ಕೆಟ್ಟದ್ದು" ಎಂದರು. ಉಕ್ಕು ಕೊಟ್ಟವರು "ನಿಮ್ಮ ಹುಡುಗರು ಜಾಸ್ತಿ ಬಿಗಿದಿದ್ದಾರೆ" ಎಂದರು. ಕೊನೆಗೆ ಬೈಗುಳ ಬಿದ್ದದ್ದು ಸ್ಪ್ಯಾನರ್ ಹಿಡಿದ ಬಡಪಾಯಿಗೆ.

ಅವಳು ಕೇಳಿದ್ದು ಒಂದೇ ಪ್ರಶ್ನೆ: ಬಿಗಿಯುವಾಗ ಮುರಿಯದ್ದು ಹತ್ತು ಗಂಟೆ ಬಿಟ್ಟು ಮುರಿದದ್ದೇಕೆ?

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತುಕ್ಕು ಹಿಡಿಯದಿರಲೆಂದು ಬೋಲ್ಟಿಗೆ ಸತುವಿನ ಲೇಪ ಕೊಡುತ್ತಾರೆ. ಅದಕ್ಕೆ ಮೊದಲು ಆಮ್ಲದಲ್ಲಿ ಅದ್ದಿ ತೊಳೆಯುತ್ತಾರೆ. ಈ ತೊಳೆಯುವಾಗಲೂ ಲೇಪ ಕೊಡುವಾಗಲೂ ಹೈಡ್ರೋಜನ್ ಹುಟ್ಟಿ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಸಾಧಾರಣ ಉಕ್ಕು ಅದನ್ನು ತಾಳಿಕೊಳ್ಳುತ್ತದೆ. ಆದರೆ ತಲೆಯ ಮೇಲೆ 12.9 ಎಂದು ಬರೆದಿರುವ ಅತಿ ಗಟ್ಟಿ ಬೋಲ್ಟು ತಾಳುವುದಿಲ್ಲ. ಬಿಗಿದಾಗ ಎಳೆತ ಹೆಚ್ಚಿರುವ ಜಾಗಕ್ಕೆ ಹೈಡ್ರೋಜನ್ ಮೆಲ್ಲಗೆ ಸರಿದು ಬಂದು ಸೇರುತ್ತದೆ. ಹಾಗೆ ಬರಲು ಕೆಲವು ಗಂಟೆ ಬೇಕು, ಕೆಲವೊಮ್ಮೆ ದಿನಗಳೇ ಬೇಕು. ಆಮೇಲೆ ಒಂದು ಕ್ಷಣದಲ್ಲಿ ಟಕ್ಕೆಂದು ಮುರಿಯುತ್ತದೆ. ಮುರಿದ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಲ್ಲುಸಕ್ಕರೆಯ ಹರಳಿನ ಹಾಗೆ ಕಾಣುತ್ತದಂತೆ.

ಪರಿಹಾರ ಕೇಳಿದರೆ ನಮ್ಮ ಅಡುಗೆಮನೆಯ ಮಾತಿನಂತಿದೆ. ಲೇಪ ಆದ ಕೂಡಲೇ, ಸಾಮಾನ್ಯವಾಗಿ 4 ಗಂಟೆಯೊಳಗೆ, ಬೋಲ್ಟುಗಳನ್ನು ಸುಮಾರು 200 ಡಿಗ್ರಿ ಶಾಖದ ಒಲೆಯಲ್ಲಿ ಹಲವು ಗಂಟೆ ಇಡಬೇಕು. ನಾವು ಬಿಸ್ಕತ್ತು ಸುಡುವಷ್ಟೇ ಶಾಖ! ಹುಡುಗಿ ಲೇಪದವರ ರಿಜಿಸ್ಟರ್ ತರಿಸಿ ನೋಡಿದಳು. ಶನಿವಾರ ಸಂಜೆ ಲೇಪವಾದ ಲಾಟು ಒಲೆಗೆ ಹೋದದ್ದು ಸೋಮವಾರ.

ಇದು ಬೊಮ್ಮಸಂದ್ರದ ಸಣ್ಣ ಕಾರ್ಖಾನೆಯ ತೊಂದರೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಬೇ ಬ್ರಿಜ್ ಸೇತುವೆಯಲ್ಲಿ 2013ರ ಮಾರ್ಚ್‌ನಲ್ಲಿ ಬಿಗಿದ 96 ಉಕ್ಕಿನ ಸರಳುಗಳಲ್ಲಿ 32 ಸರಳುಗಳು ಎರಡು ವಾರಗಳೊಳಗೆ ಮುರಿದವು. ಒಂದೊಂದೂ 3 ಅಂಗುಲ ದಪ್ಪ. ಅಲ್ಲಿಯೂ ಮುರಿದದ್ದು ಹೈಡ್ರೋಜನ್‌ನಿಂದಲೇ.

"ಎಲ್ಲ ತಿಳಿದಿದೆಯಲ್ಲ, ಇನ್ನೇನು ಓದಬೇಕು?" ಎಂದು ಅಮ್ಮಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆಗ ಹುಡುಗಿ ಹೇಳಿದಳು: "ಇನ್ನೊಂದು ಲಾಟೂ ಹೀಗೆಯೇ ತಡವಾಗಿ ಒಲೆಗೆ ಹೋಗಿತ್ತು ಅಮ್ಮಿ. ಅದರಲ್ಲಿ ಒಂದೂ ಮುರಿಯಲಿಲ್ಲ. ಏಕೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ."

ಸಹೋದರಿಯರೇ, ನನ್ನ ಅಭಿಪ್ರಾಯ ಆ ಮಾತಿನಿಂದ ಬದಲಾಯಿತು. ಬಿ.ಇ. ಓದು ಅವಳಿಗೆ ಹೆಸರುಗಳನ್ನೂ ನಿಯಮಗಳನ್ನೂ ಕೊಟ್ಟಿದೆ. ನಿಯಮ ಎಲ್ಲಿ ಕೆಲಸ ಮಾಡುವುದಿಲ್ಲವೋ ಅಲ್ಲಿ ಹುಡುಕುವುದು ಹೇಗೆಂದು ಕಲಿಯಲು ಮುಂದಿನ ಓದು ಬೇಕು. ಎಲ್ಲರಿಗೂ ಬೇಕೆಂದಲ್ಲ. ಕುಲುಮೆ ನಡೆಸುವವರಿಗೆ, ಉತ್ಪಾದನೆ ನೋಡಿಕೊಳ್ಳುವವರಿಗೆ ಅನುಭವವೇ ದೊಡ್ಡ ಗುರು. ಕೆಲಸ ಸಿಗಲಿಲ್ಲವೆಂದು ಹೊತ್ತು ಕಳೆಯಲು ಎಂ.ಟೆಕ್. ಸೇರುವುದೂ, ಒಳ್ಳೆಯ ಸೂಕ್ಷ್ಮದರ್ಶಕವಿಲ್ಲದ ಕಾಲೇಜಿಗೆ ಲಕ್ಷಗಟ್ಟಲೆ ಸುರಿಯುವುದೂ ದಂಡ. ಸೇರುವ ಮುನ್ನ ಲ್ಯಾಬ್ ತೋರಿಸಿ ಎಂದು ಕೇಳಿ. ಆದರೆ ಕೈಯಲ್ಲಿ ಮುರಿದ ಬೋಲ್ಟು ಹಿಡಿದು ಓದಲು ಹೊರಟವಳನ್ನು ತಡೆಯಬಾರದು.

"ಮದುವೆ ಆದ ಮೇಲೆ ಓದಲಿ, ನೀವೂ ಹಾಗೇ ಓದಿದಿರಲ್ಲ" ಎಂದರು ಅಮ್ಮಿ. ಹೌದು, ಮಗುವನ್ನು ಮಲಗಿಸಿ, ರಾತ್ರಿ ಅಡುಗೆಮನೆಯಲ್ಲಿ ಕೂತು ನಾನು ಬಿ.ಎ. ಮುಗಿಸಿದೆ. ಆದರೆ ನನಗೆ ಬೇಕಾಗಿದ್ದದ್ದು ಪುಸ್ತಕ ಮಾತ್ರ. ಇವಳ ಓದಿಗೆ ಬೇಕಾದ ಕುಲುಮೆಯನ್ನೂ ಯಂತ್ರವನ್ನೂ ಅಡುಗೆಮನೆಗೆ ತರಲಾಗದು.

ಅಷ್ಟು ಹೊತ್ತು ಸುಮ್ಮನಿದ್ದ ಅಬ್ಬಾ ಖರ್ಚಿನ ವಿಷಯ ಎತ್ತಿದರು. ಗೇಟ್ ಪರೀಕ್ಷೆಯಲ್ಲಿ ಲೋಹಶಾಸ್ತ್ರಕ್ಕೆ ಬೇರೆಯೇ ಪತ್ರಿಕೆ ಇದೆ. ಬರೆದ ಅಂಕ ಮೂರು ವರ್ಷ ನಡೆಯುತ್ತದೆ. ಅದರ ಮೂಲಕ ಸೀಟು ಪಡೆದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಕರ್ನಾಟಕದಲ್ಲಿ ಸುರತ್ಕಲ್‌ನ ಎನ್.ಐ.ಟಿ.ಯಲ್ಲಿ ಈ ವಿಭಾಗವಿದೆ. ಬೆಂಗಳೂರಿನಲ್ಲೇ ಬೇಕೆಂದರೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅಲ್ಲಿ ಸೀಟು ಸಿಗುವುದು ಕಷ್ಟ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಓಡಾಟದ ಭಯ ಈಗ ಕಡಿಮೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ ಮೆಟ್ರೋ ಬಂದಿದೆ. ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿದರೆ ಯಶವಂತಪುರದವರೆಗೂ ಹೋಗಬಹುದು, ಸಂಸ್ಥೆ ಅಲ್ಲಿಂದ ಹತ್ತಿರ.

ಬಂದ ಸಂಬಂಧವನ್ನು ಮುರಿಯಿರಿ ಎಂದು ನಾನು ಹೇಳಲಿಲ್ಲ. ಓದಿನ ವಿಷಯವನ್ನು ನಿಕಾಹ್‌ಗೆ ಮೊದಲೇ ಹುಡುಗನ ಮನೆಯವರ ಮುಂದೆ ಬಿಚ್ಚಿಡಿ ಎಂದೆ. ಒಪ್ಪುವವರಾದರೆ ಆಗಲೇ ಒಪ್ಪುತ್ತಾರೆ.

ಮಕ್ಕಳಿಗೆ ಸೂರಃ ಹದೀದ್ ಕಲಿಸುವಾಗ ಹದೀದ್ ಎಂದರೆ ಕಬ್ಬಿಣ ಎಂದು ಎಷ್ಟೋ ಸಲ ಅರ್ಥ ಹೇಳಿದ್ದೇನೆ. ಕಬ್ಬಿಣ ಮುರಿಯುವುದೇಕೆಂದು ನನಗೆ ಅರ್ಥ ಹೇಳಿದವಳು ನನ್ನ ವಿದ್ಯಾರ್ಥಿನಿಯೇ.

ಹೊರಡುವಾಗ ಅಬ್ಬಾ ಗೇಟಿನವರೆಗೆ ಬಂದರು. "ಅವಳು ಫಾರಂ ತುಂಬಲಿ ಆಪಾ. ಹುಡುಗನ ಮನೆಯವರ ಹತ್ತಿರ ನಾನೇ ಮಾತಾಡುತ್ತೇನೆ" ಎಂದರು. ಅಮ್ಮಿ ಏನೂ ಹೇಳಲಿಲ್ಲ. ಆದರೆ ಟೀಪಾಯಿಯ ಮೇಲಿದ್ದ ಬೋಲ್ಟಿನ ತುಂಡುಗಳನ್ನು ಅದೇ ಕಾಗದದಲ್ಲಿ ಸುತ್ತಿ ಒಳಗೆ ತೆಗೆದಿಟ್ಟರು.