ಪ್ರಣಯವನ್ನು ಕಾಡುವವರು

ತರುಣತರುಣಿಯರ ಪ್ರಣಯವೇ ವಸ್ತುವಾಗಿರುವ ಚಲಚ್ಚಿತ್ರವೆಂದರೆ ಸಾಕು, ಅದು ಗೃಹಸ್ಥರ ಮನೆಯೊಳಕ್ಕೆ ಬರತಕ್ಕದ್ದಲ್ಲವೆಂದು ತೀರ್ಪು ಕೊಟ್ಟುಬಿಡುವ ಹಿರಿಯರು ಊರೂರಿನಲ್ಲಿಯೂ ಇರುವರು. ಇವರ ಪೂರ್ವಪಕ್ಷಕ್ಕೆ ಮೂರು ಅಂಗಗಳುಂಟು. ಪ್ರಣಯದ ದರ್ಶನವು ಎಳೆಯರ ಮನಸ್ಸನ್ನು ಕೆಡಿಸುವುದೆಂಬುದು ಒಂದು. ಪ್ರಣಯಿಗಳ ಮೇಲೆ ಕಣ್ಣಿಟ್ಟಿರುವುದು ಸಮಾಜದ ಧರ್ಮವೆಂಬುದು ಎರಡನೆಯದು. ಆ ಧರ್ಮವನ್ನು ನಡಸುವಾಗ ಅವರನ್ನು ತುಸು ಕಾಡಿದರೂ ದೋಷವಿಲ್ಲವೆಂಬುದು ಮೂರನೆಯದು. ಈ ವಾದವನ್ನು ಉಜ್ಜಿ ನೋಡುವುದಕ್ಕೆ ಫ್ರಾನ್ಸ್ ದೇಶದ ಒಂದು ಕಿರುಚಿತ್ರವು ತಕ್ಕ ಒರೆಗಲ್ಲಾಗಿದೆ.

ಫ್ರಾನ್ಸ್ವಾ ತ್ರೂಫೊ ಎಂಬ ನಿರ್ದೇಶಕನು ತನ್ನ 25ನೆಯ ವಯಸ್ಸಿನಲ್ಲಿ, 1957ರ ಬೇಸಗೆಯಲ್ಲಿ, ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣದಲ್ಲಿ ತೆಗೆದ ಆ ಚಿತ್ರದ ಹೆಸರು ‘ಲೇ ಮಿಸ್ತೋಂ’. ಪುಂಡ ಹುಡುಗರು ಎಂದು ಅರ್ಥ. ಮೋರಿಸ್ ಪೋಂಸ್ ಬರೆದ ಸಣ್ಣಕಥೆಯೊಂದು ಅದಕ್ಕೆ ಆಧಾರ. ಪೂರ್ಣ ಚಿತ್ರವು ಅರ್ಧ ಗಂಟೆಯಷ್ಟೂ ಇಲ್ಲ. ವರ್ಣಗಳು ಕಪ್ಪು ಬಿಳುಪು ಎರಡೇ. ಅದೇ ಊರಿನವಳಾದ ಬರ್ನದೆತ್ ಲಾಫೋಂ ನಾಯಿಕೆ. ಜೆರಾರ್ ಬ್ಲೆಂ ನಾಯಕ. ಪಾತ್ರಗಳಿಗೂ ಬರ್ನದೆತ್, ಜೆರಾರ್ ಎಂಬ ಹೆಸರುಗಳೇ. ಸಾಲುಮರಗಳ ನೆರಳು ಬೆಳಕಿನಲ್ಲಿ ಆಕೆ ಸೈಕಲ್ ಹತ್ತಿ ಬರುವಾಗ, ಅದು ಹಗಲೋ ನೆನಪಿನಲ್ಲಿ ಉಳಿದ ಕನಸೋ ಎಂದು ತಿಳಿಯದಂತೆ ದೃಶ್ಯವು ತೇಲಿಹೋಗುವುದು.

ಐವರು ಬಾಲಕರು ಆಕೆಯನ್ನು ಕಂಡು ಬೆರಗಾಗುವರು. ಪ್ರೀತಿಸುವ ವಯಸ್ಸು ಅವರದಲ್ಲ. ಎದೆಯಲ್ಲಿ ಎದ್ದ ತಳಮಳಕ್ಕೆ ಹೆಸರೂ ತಿಳಿಯದು. ಆದುದರಿಂದ ದ್ವೇಷಿಸಲು ನಿಶ್ಚಯಿಸುವರು. ರೋಮನರು ಕಟ್ಟಿದ ಹಳೆಯ ಬಯಲುರಂಗದಲ್ಲಿ ಪ್ರಣಯಿಗಳನ್ನು ಹಿಂಬಾಲಿಸುವರು. ಸಿನಿಮಾ ಮಂದಿರದ ಕತ್ತಲಲ್ಲಿ ಗೇಲಿಮಾಡುವರು. ಗೋಡೆಗಳ ಮೇಲೆ ಇಬ್ಬರ ಹೆಸರನ್ನೂ ಗೀಚುವರು. ಕುಚೇಷ್ಟೆಯ ಅಂಚೆಕಾರ್ಡನ್ನು ಆಕೆಗೆ ಕಳುಹಿಸುವರು. ಮದುವೆಗೆ ಮುಂಚೆ ಜೆರಾರನು ಪರ್ವತಾರೋಹಣಕ್ಕೆಂದು ಹೋದವನು ಅಲ್ಲಿಯೇ ಮಡಿಯುವನು. ಕಡೆಗೆ ಬರ್ನದೆತ್ ಕಪ್ಪು ಉಡುಪಿನಲ್ಲಿ ಒಬ್ಬಳೇ ನಡೆದುಹೋಗುವಳು. ಈ ಕಥೆಯನ್ನೆಲ್ಲ ಹೇಳುವ ದನಿಯು ಆ ಐವರಲ್ಲಿ ಒಬ್ಬನದು. ಬೆಳೆದು ದೊಡ್ಡವನಾದವನ ದನಿ.

ಈಗ ಪೂರ್ವಪಕ್ಷವನ್ನು ನೋಡಬಹುದು. ಎಳೆಯರನ್ನು ಕೆಡಿಸಿದುದು ಪ್ರಣಯದ ದರ್ಶನವೆ? ಇಬ್ಬರ ಒಲವಿನಲ್ಲಿ ಹುಡುಗರನ್ನು ನೋಯಿಸುವಂಥದು ಏನೂ ಇರಲಿಲ್ಲ. ತಮ್ಮ ಮನಸ್ಸಿನ ಕಳವಳವನ್ನು ತಾವೇ ಅರಿಯದೆ, ಅರಿಯಹೇಳುವವರೂ ಇಲ್ಲದೆ, ಅದನ್ನು ಅವರು ಪರರ ಅಪರಾಧವೆಂದು ಎಣಿಸಿದರು. ಹುಡುಗರ ವಿಷಯದಲ್ಲಿ ಇದು ಅಜ್ಞಾನ, ಕ್ಷಮಿಸಬಹುದು. ನಲವತ್ತು ಐವತ್ತು ದಾಟಿದವರು ಅದೇ ಕಳವಳವನ್ನು ‘ಸದಾಚಾರ’ವೆಂದು ಕರೆದುಕೊಂಡರೆ ಅದಕ್ಕೆ ಕ್ಷಮೆ ಎಲ್ಲಿಯದು?

ಕಣ್ಣಿಡುವುದು ಧರ್ಮವೆಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವುದು ಹಿರಿಯರ ಕರ್ತವ್ಯವೇ. ಆದರೆ ಬುದ್ಧಿ ಹೇಳುವವನು ಎದುರಿಗೆ ಕುಳಿತು ಹೇಳುವನು, ಉತ್ತರವನ್ನೂ ಕೇಳುವನು. ಕಾಡುವವನು ಪೊದೆಯ ಹಿಂದೆ ನಿಲ್ಲುವನು. ಇವೆರಡನ್ನೂ ಒಂದೇ ಎನ್ನುವುದು ವೈದ್ಯನನ್ನೂ ವಿಷವಿಕ್ಕುವವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಂತೆ.

ಸಂಪ್ರದಾಯದ ಹೆಸರೆತ್ತುವವರು ಸಂಪ್ರದಾಯವನ್ನಾದರೂ ಓದಬೇಕು. ಶಕುಂತಲೆಯ ಮುಖವನ್ನು ಸುತ್ತಿ ಕಾಡಿದ ದುಂಬಿಯನ್ನು ಕಾಳಿದಾಸನು ಧರ್ಮರಕ್ಷಕನೆಂದು ಹೊಗಳಲಿಲ್ಲ. ಆದಿಕವಿಯ ಬಾಯಿಂದ ಮೊದಲ ಶ್ಲೋಕವು ಹೊರಟುದು ಕೂಡಿದ್ದ ಕ್ರೌಂಚಗಳಲ್ಲಿ ಒಂದನ್ನು ಬೇಡನು ಕೆಡಹಿದಾಗ. ಶಾಪವು ತಗಲಿದುದು ಹಕ್ಕಿಗಳಿಗಲ್ಲ, ಬೇಡನಿಗೆ. ಅಲ್ಲಿ ಹೊಡೆದವನು ಒಬ್ಬ, ಮರುಗಿದವನು ಮತ್ತೊಬ್ಬ. ತ್ರೂಫೊವಿನ ಚಿತ್ರದಲ್ಲಿ ಕಾಡಿದವನೇ ಬೆಳೆದು, ನೆನೆದು, ಕಥೆ ಹೇಳುವನು. ಇದೇ ಅದರ ವಿಶೇಷ.

‘ಜೆರಾರನು ಬೆಟ್ಟದಿಂದ ಬಿದ್ದು ಸತ್ತನು, ಹುಡುಗರು ಕೊಂದರೆ?’ ಎಂದು ಆಕ್ಷೇಪಿಸಬಹುದು. ಕೊಲ್ಲಲಿಲ್ಲ, ನಿಜ. ಆದರೆ ಆ ಇಬ್ಬರಿಗೆ ವಿಧಿಯು ಕೊಟ್ಟಿದ್ದುದು ಒಂದು ಬೇಸಗೆ ಮಾತ್ರ. ಅದರ ಎಷ್ಟು ಸಂಜೆಗಳನ್ನು ಹುಡುಗರು ಕೆಡಿಸಿದರು! ಯಾರಿಗೆ ಎಷ್ಟು ದಿನ ಉಳಿದಿದೆಯೆಂದು ಕಾಡುವವನಿಗೆ ತಿಳಿಯದು. ತಿಳಿದ ಮೇಲೆ ಕೆಡಿಸಿದುದನ್ನು ಮರಳಿ ಕೊಡುವುದೂ ಆಗದು. ಮೂರನೆಯ ಅಂಗವಾದ ‘ತುಸು ಕಾಡಿದರೂ ದೋಷವಿಲ್ಲ’ ಎಂಬುದು ಇಲ್ಲಿಯೇ ಮುರಿದುಬೀಳುವುದು.

ಇಂದು ಗೋಡೆಯ ಮೇಲೆ ಗೀಚಬೇಕಾಗಿಲ್ಲ. ಉದ್ಯಾನದಲ್ಲಿ ಕುಳಿತ ಇಬ್ಬರನ್ನು ಮೊಬೈಲಿನಲ್ಲಿ ಸೆರೆಹಿಡಿದು ಊರಿಗೆಲ್ಲ ಹಂಚುವುದು ಕ್ಷಣದ ಕೆಲಸ. ಸುಣ್ಣ ಬಳಿದು ಅಳಿಸುವುದಕ್ಕೆ ಅದು ಗೋಡೆಯೂ ಅಲ್ಲ. ಆದುದರಿಂದ ಈ ಚಿತ್ರವನ್ನು ಮನೆಯಿಂದ ಹೊರಗಿಡುವುದಕ್ಕೆ ಬದಲು ಮನೆಯವರೆಲ್ಲ ಕೂಡಿ ನೋಡುವುದು ಲೇಸು. ತರುಣರು ನೋಡುವುದಕ್ಕೆ ಮೊದಲು ಹಿರಿಯರು ನೋಡಲಿ. ಬರ್ನದೆತ್ತಳನ್ನಲ್ಲ, ಆ ಐವರನ್ನು.