ತೊಂಬತ್ತು ಸೆಕೆಂಡಿನ ಪ್ರೀತಿಗೆ ಕಾಯುವುದು ಗೊತ್ತಿಲ್ಲ

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಒಂಬತ್ತೂವರೆಗೆ ಕಂಟ್ರೋಲ್ ಸಿಸ್ಟಮ್ಸ್ ಇಂಟರ್ನಲ್ಸ್. ಹಾಸ್ಟೆಲ್ ರೂಮಿನಲ್ಲಿ ನೋಟ್ಸ್ ಹರಡಿಕೊಂಡು ಕೂತಿದ್ದ ನಾನು, ‘ಐದೇ ನಿಮಿಷ’ ಅಂದುಕೊಂಡು ಫೋನ್ ಎತ್ತಿಕೊಂಡೆ. ಮಳೆಯಲ್ಲಿ ನೆನೆಯುತ್ತಾ ಒಬ್ಬ ಹುಡುಗ ದೊಡ್ಡ ಬಂಗಲೆಯ ಗೇಟಿನ ಮುಂದೆ ನಿಂತಿದ್ದಾನೆ. ಹುಡುಗಿಯ ಅಮ್ಮ ಹೊರಗೆ ಬಂದು ಅವನ ಕೈಯಲ್ಲಿದ್ದ ಹೂವನ್ನು ಕಿತ್ತು ಚರಂಡಿಗೆ ಎಸೆಯುತ್ತಾಳೆ. ‘ಡೆಲಿವರಿ ಹುಡುಗನಿಗೆ ನನ್ನ ಮಗಳು ಬೇಕಾ?’ ಅನ್ನುತ್ತಾಳೆ. ಅಷ್ಟರಲ್ಲಿ ಸಾಲು ಸಾಲು ಕಪ್ಪು ಕಾರುಗಳು ಬಂದು ನಿಲ್ಲುತ್ತವೆ. ಕೋಟು ತೊಟ್ಟವನೊಬ್ಬ ಕೆಳಗಿಳಿದು ಆ ಹುಡುಗನ ಮುಂದೆ ತಲೆಬಾಗಿಸುತ್ತಾನೆ. ಅಲ್ಲಿಗೆ ಕಂತು ಮುಗಿಯಿತು.

ಮುಂದೇನಾಯಿತು ಎಂದು ನೋಡದೆ ಮಲಗಲು ನಿಮಗೆ ಆಗುತ್ತದಾ? ನನಗಂತೂ ಆಗಲಿಲ್ಲ. ಜಾಹೀರಾತು ನೋಡಿ ನೋಡಿ ಒಂದೊಂದೇ ಕಂತಿನ ಬೀಗ ತೆಗೆಯುತ್ತಾ ಹೋದೆ. ಫೋನ್ ಕೆಳಗಿಟ್ಟಾಗ ಗಂಟೆ ಎರಡು ದಾಟಿತ್ತು, ಐವತ್ತೆಂಟನೇ ಕಂತು ಮುಗಿದಿತ್ತು. ಇಂಟರ್ನಲ್ಸ್‌ನಲ್ಲಿ ಮೂವತ್ತಕ್ಕೆ ಹನ್ನೊಂದು ಬಂತು.

ಬುದ್ಧಿ ಬಂತಾ? ಇಲ್ಲ. ಮಾರನೆಯ ದಿನವೇ ಒಂದು ರೂಪಾಯಿಯ ಟ್ರಯಲ್ ಪ್ಯಾಕ್ ಹಾಕಿಸಿಕೊಂಡೆ. ಅದರ ಜೊತೆ ಆಟೋಪೇಗೂ ಒಪ್ಪಿಗೆ ಕೊಟ್ಟಿದ್ದೆ ಎಂದು ತಿಳಿದದ್ದು ವಾರದೊಳಗೆ ಅಕೌಂಟಿನಿಂದ 299 ರೂಪಾಯಿ ಕಡಿತವಾದಾಗ. ಅದು ಮೆಸ್ ಬಿಲ್‌ಗೆಂದು ಅಮ್ಮ ಕಳುಹಿಸಿದ್ದ ದುಡ್ಡು. ‘ಹೇಗೂ ಕಟ್ಟಿಯಾಯ್ತಲ್ಲ’ ಎಂದು ಇನ್ನೂ ನಾಲ್ಕು ಸರಣಿ ನೋಡಿದೆ. ಹಾಗಾಗಿ ಈ ಲೇಖನ ಉಪದೇಶವಲ್ಲ. ಚೆನ್ನಾಗಿ ಸಿಕ್ಕಿಹಾಕಿಕೊಂಡವನೊಬ್ಬ, ಯಾಕೆ ಸಿಕ್ಕಿಬಿದ್ದೆ ಎಂದು ಹಾಕುತ್ತಿರುವ ಲೆಕ್ಕ.

ಸುಳ್ಳು ಅಂತ ಗೊತ್ತು ಕಣೋ

ಇವಕ್ಕೆ ಮೈಕ್ರೋ ಡ್ರಾಮಾ ಅನ್ನುತ್ತಾರೆ. ಫೋನನ್ನು ಅಡ್ಡ ತಿರುಗಿಸಬೇಕಿಲ್ಲ, ಎತ್ತಿ ಹಿಡಿದಂತೆಯೇ ನೋಡಬಹುದು. ಒಂದೊಂದು ಕಂತು ಒಂದೆರಡು ನಿಮಿಷ. ಒಂದು ಸರಣಿಗೆ ಅರವತ್ತರಿಂದ ನೂರು ಕಂತು. ಮೊದಲ ಹತ್ತು ಕಂತು ಪುಕ್ಕಟೆ, ಕತೆ ಕಾವೇರಿದ ಮೇಲೆ ಬೀಗ. ಲೆಕ್ಕ ಹಾಕಿ: ಎಪ್ಪತ್ತು ಕಂತನ್ನು ಒಂದೂವರೆ ನಿಮಿಷದಿಂದ ಗುಣಿಸಿದರೆ 105 ನಿಮಿಷ. ಅಂದರೆ ನಾವು ನೋಡುತ್ತಿರುವುದು ಒಂದು ಸಿನಿಮಾವನ್ನೇ. ಎಪ್ಪತ್ತು ತುಂಡು ಮಾಡಿ ಬಡಿಸುತ್ತಾರೆ, ಅಷ್ಟೇ.

ಈ ಬಗೆಯ ಕಿರುಸರಣಿ ದೊಡ್ಡ ಉದ್ಯಮವಾಗಿ ಬೆಳೆದದ್ದು ಚೀನಾದಲ್ಲಿ. ಅಲ್ಲಿಂದ ರೀಲ್‌ಶಾರ್ಟ್, ಡ್ರಾಮಾಬಾಕ್ಸ್‌ನಂಥ ಆ್ಯಪ್‌ಗಳ ಮೂಲಕ ಅಮೆರಿಕಕ್ಕೂ ಹೋಯಿತು. ‘ದಿ ಡಬಲ್ ಲೈಫ್ ಆಫ್ ಮೈ ಬಿಲಿಯನೇರ್ ಹಸ್ಬೆಂಡ್’ ಎಂಬ ಸರಣಿ ಅಲ್ಲಿ ಭಾರಿ ಜನಪ್ರಿಯವಾಯಿತು. ಹೆಸರು ಕೇಳಿದರೇ ಕತೆ ಪೂರ್ತಿ ಗೊತ್ತಾಗುತ್ತದೆ! ಈಗ ಕುಕು ಟಿವಿ, ಕ್ವಿಕ್ ಟಿವಿ ಮುಂತಾದ ನಮ್ಮ ದೇಶದ ಆ್ಯಪ್‌ಗಳೂ ಇದೇ ಅಚ್ಚಿನಲ್ಲಿ ಸರಣಿ ತೆಗೆಯುತ್ತಿವೆ. ನಾನು ನೋಡಿದ ಐದರಲ್ಲಿ ಮೂರು ಕನ್ನಡಕ್ಕೆ ಡಬ್ ಆದವು.

ಬರೀ ‘ಚಿಕ್ಕದು’ ಎಂಬ ಕಾರಣಕ್ಕೆ ಜನ ಇವನ್ನು ನೋಡುತ್ತಾರೆ ಎಂದು ನಾನೂ ತಿಳಿದಿದ್ದೆ. ಹಾಗಿದ್ದರೆ ಕ್ವಿಬಿ ಗೆಲ್ಲಬೇಕಿತ್ತು. ಹಾಲಿವುಡ್‌ನ ಜೆಫ್ರಿ ಕಾಟ್ಜೆನ್‌ಬರ್ಗ್ ಶುರು ಮಾಡಿದ ಈ ಆ್ಯಪ್ 175 ಕೋಟಿ ಡಾಲರ್ ಬಂಡವಾಳ ಕೂಡಿಸಿಕೊಂಡು, ದೊಡ್ಡ ದೊಡ್ಡ ನಟರನ್ನು ಇಟ್ಟುಕೊಂಡು, ಹತ್ತು ನಿಮಿಷದೊಳಗಿನ ಕಂತುಗಳೊಂದಿಗೆ 2020ರ ಏಪ್ರಿಲ್‌ನಲ್ಲಿ ಬಂತು. ಅದೇ ವರ್ಷ ಡಿಸೆಂಬರ್‌ಗೆ ಬಾಗಿಲು ಹಾಕಿತು. ಹೆಸರೇ ಕೇಳಿರದ ನಟರು, ವಾರದಲ್ಲಿ ಮುಗಿಯುವ ಶೂಟಿಂಗ್, ತುಟಿಗೂ ಮಾತಿಗೂ ಹೊಂದದ ಡಬ್ಬಿಂಗ್ ಇರುವ ಈ ಸರಣಿಗಳು ಮಾತ್ರ ಗೆದ್ದವು. ಹಾಗಾದರೆ ಗುಟ್ಟು ಬೇರೆ ಎಲ್ಲೋ ಇದೆ.

ಆ ಗುಟ್ಟು ಹೇಳಿದ್ದು ನನ್ನ ಅಕ್ಕ. ಅವಳು ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದಾಳೆ. ಹೋಗಲು ಎರಡು ಬಸ್, ಬರಲು ಎರಡು ಬಸ್. ಬಿಎಂಟಿಸಿಯಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನಿಂತರೆ ಮನೆ ಸೇರುವಷ್ಟರಲ್ಲಿ ಹದಿನೈದು ಕಂತು ಮುಗಿಸುತ್ತಾಳೆ. ‘ಇಷ್ಟು ಓದಿದ್ದೀಯ, ಇದನ್ನೆಲ್ಲಾ ನಂಬ್ತೀಯಾ?’ ಎಂದು ನಾನು ಒಮ್ಮೆ ನಕ್ಕಿದ್ದೆ. ‘ಎಲ್ಲಾ ಸುಳ್ಳು ಅಂತ ಗೊತ್ತು ಕಣೋ. ನನ್ನ ದಿನಾ ಬಯ್ಯೋ ಮ್ಯಾನೇಜರ್‌ಗೆ ಎದುರು ಮಾತಾಡಕ್ಕಾಗಲ್ಲ. ಅಲ್ಲಿ ಒಬ್ಬಳು ಅಂಥವನ ಕಪಾಳಕ್ಕೆ ಬಾರಿಸ್ತಾಳಲ್ಲ, ಅಷ್ಟು ಸಾಕು’ ಅಂದಳು.

ಆಮೇಲೆ ನಾನು ಎರಡನೆಯ ಸರಣಿಯ ಮೊದಲ ಇಪ್ಪತ್ತು ಕಂತುಗಳನ್ನು ಮತ್ತೆ ಹಾಕಿ, ರಫ್ ಪುಸ್ತಕದಲ್ಲಿ ಗೆರೆ ಎಳೆಯುತ್ತಾ ಕೂತೆ. ಯಾರಾದರೂ ಯಾರನ್ನಾದರೂ ಅವಮಾನ ಮಾಡಿದ್ದು ಮೂವತ್ತೊಂದು ಸಲ. ಕಪಾಳಮೋಕ್ಷ ಒಂಬತ್ತು. ನಾಯಕ, ನಾಯಕಿ ಇಬ್ಬರೇ ಕೂತು ನೆಮ್ಮದಿಯಿಂದ ಮಾತನಾಡಿದ್ದು? ಎರಡೇ ಸಲ. ಅದೂ ಒಂದು ಸಲ ಅವಳು ಮೂರ್ಛೆ ಹೋಗಿದ್ದಳು.

ಪ್ರೇಮಕತೆಯಲ್ಲ, ಅವಮಾನದ ಕತೆ

ನನ್ನ ಅನಿಸಿಕೆ ಇಷ್ಟು: ಇವು ಪ್ರೇಮಕತೆಗಳೇ ಅಲ್ಲ. ಪ್ರೀತಿ ಮೇಲಿನ ಹೊದಿಕೆ. ಒಳಗಿರುವುದು ಅವಮಾನ, ಮತ್ತು ಅದಕ್ಕೆ ತಕ್ಷಣ ಸಿಗುವ ಉತ್ತರ. ಬಡವ ಎಂದುಕೊಂಡವನು ನಿಜವಾಗಿ ಕೋಟ್ಯಧಿಪತಿ. ಮನೆಗೆಲಸದವಳು ನಿಜವಾಗಿ ಆ ಮನೆಯ ವಾರಸುದಾರಳು. ಅವರನ್ನು ತುಳಿದವರೆಲ್ಲ ಒಂದೇ ನಿಮಿಷದಲ್ಲಿ ಕಾಲಿಗೆ ಬೀಳುತ್ತಾರೆ.

ಇದು ನಮ್ಮಂಥವರನ್ನು ಯಾಕೆ ಹಿಡಿಯುತ್ತದೆ ಎಂದು ಹೇಳಬೇಕಾ? ‘ಯಾವ ಕಾಲೇಜು?’ ಎಂದು ಕೇಳಿ, ಹೆಸರು ಹೇಳಿದ ಮೇಲೆ ಮುಖದಲ್ಲಿ ಆಸಕ್ತಿ ಕಳೆದುಕೊಳ್ಳುವ ಸಂದರ್ಶಕರು. ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ತಡವರಿಸಿದರೆ ಗ್ರೂಪ್ ಡಿಸ್ಕಷನ್‌ನಿಂದ ಹೊರಗೆ. ಒಂದೇ ಒಂದು ಬ್ಯಾಕ್‌ಲಾಗ್ ಇದ್ದರೂ ಫಾರ್ಮ್ ತುಂಬುವಂತಿಲ್ಲ. ‘ನಿಮ್ಮ ಅರ್ಜಿಗೆ ಧನ್ಯವಾದ, ಆದರೆ…’ ಎಂಬ ಇಮೇಲ್ ನಮ್ಮ ಸೀನಿಯರ್‌ಗಳ ಇನ್‌ಬಾಕ್ಸ್‌ನಲ್ಲಿ ಎಷ್ಟಿವೆಯೋ. ಇಂಥ ದಿನದ ಕೊನೆಗೆ, ‘ನೀನು ಯಾರೆಂದು ಇವರಿಗೆ ಗೊತ್ತಿಲ್ಲ, ಒಂದು ದಿನ ಗೊತ್ತಾಗುತ್ತದೆ’ ಎಂದು ಯಾರಾದರೂ ತೊಂಬತ್ತು ಸೆಕೆಂಡಿನಲ್ಲಿ ಹೇಳಿದರೆ ಹಿತವಾಗುತ್ತದೆ. ಆ ಹಿತ ಸುಳ್ಳಲ್ಲ. ಅದನ್ನು ಕೀಳು ಅಭಿರುಚಿ ಎಂದು ತಳ್ಳಿಹಾಕುವವರು ಬಹುಶಃ ಅಂಥ ದಿನವನ್ನು ಕಂಡವರಲ್ಲ.

ತೊಂದರೆ ಇರುವುದು ಉತ್ತರದಲ್ಲಿ. ಆ ಹುಡುಗ ಏನೂ ಕಲಿಯುವುದಿಲ್ಲ, ಏನೂ ಮಾಡುವುದಿಲ್ಲ. ಅವನಿಗೆ ಗೌರವ ಸಿಗುವುದು ಅವನ ಅಪ್ಪ ಶ್ರೀಮಂತ ಎಂಬ ಒಂದೇ ಕಾರಣಕ್ಕೆ. ನಿಜವಾದ ಡೆಲಿವರಿ ಹುಡುಗನಿಗೆ ಈ ಕತೆಯಲ್ಲಿ ಜಾಗವೇ ಇಲ್ಲ. ಹಣವಂತರ ದರ್ಪವನ್ನು ಬಯ್ಯುವಂತೆ ನಟಿಸುತ್ತಾ, ಕೊನೆಗೆ ಹಣಕ್ಕೇ ಕೈಮುಗಿಸುತ್ತದೆ. ಈ ಸರಣಿಗಳ ತವರಾದ ಚೀನಾದಲ್ಲಿಯೇ 2024ರ ನವೆಂಬರ್‌ನಲ್ಲಿ ಪ್ರಸಾರ ನಿಯಂತ್ರಣ ಸಂಸ್ಥೆ ‘ದರ್ಪದ ಸಿಇಒ’ ಮಾದರಿಯ ಕತೆಗಳಿಗೆ ಕಡಿವಾಣ ಹಾಕಲು ಮುಂದಾಯಿತು. ಸರ್ಕಾರ ಕತ್ತರಿ ಹಿಡಿಯುವುದು ನನಗೆ ಇಷ್ಟವಿಲ್ಲ. ಆದರೆ ಕತೆ ಎಲ್ಲಿಗೆ ಬಂದು ನಿಂತಿದೆ ಎಂದು ಅದರಿಂದ ತಿಳಿಯುತ್ತದೆ.

‘ಸಶೇಷ’ ಎಂಬ ಪದ

ಇದನ್ನೆಲ್ಲ ಅಜ್ಜಿಗೆ ಹೇಳಿದರೆ, ‘ನಮ್ಮ ಕಾಲದಲ್ಲೂ ಇತ್ತಪ್ಪ’ ಅಂದರು. ಅವರ ಟ್ರಂಕಿನಲ್ಲಿ ವಾರಪತ್ರಿಕೆಗಳಿಂದ ಹರಿದು, ದಬ್ಬಳದಲ್ಲಿ ಹೊಲಿದಿಟ್ಟ ಧಾರಾವಾಹಿಗಳಿವೆ. ಸಾಯಿಸುತೆ ಅವರ ಕಾದಂಬರಿಗಳೇ ಹೆಚ್ಚು. ಪ್ರತಿ ವಾರದ ಕೊನೆಗೂ ಒಂದು ತಿರುವು, ಅದರ ಕೆಳಗೆ ‘ಸಶೇಷ’. ಕುತೂಹಲದ ತುದಿಯಲ್ಲಿ ನಿಲ್ಲಿಸುವ ವಿದ್ಯೆ ನಮಗೆ ಹೊಸತಲ್ಲ. ಚಿಕ್ಕದಾಗಿ ಹೇಳುವುದೂ ಹೊಸತಲ್ಲ, ಸರ್ವಜ್ಞನಿಗೆ ಮೂರು ಸಾಲು ಸಾಕಾಗಿತ್ತು.

ವ್ಯತ್ಯಾಸ ಆ ಒಂದು ವಾರದಲ್ಲಿದೆ. ಸಶೇಷ ಎಂದಾದ ಮೇಲೆ ಅಜ್ಜಿ ಮತ್ತು ಅವರ ಗೆಳತಿಯರು ಏಳು ದಿನ ಬೋರ್‌ವೆಲ್ ಹತ್ತಿರ ಅದನ್ನೇ ಮಾತನಾಡುತ್ತಿದ್ದರಂತೆ. ಅವಳು ಅವನನ್ನು ಕ್ಷಮಿಸಬೇಕೇ, ಬೇಡವೇ? ತಾವಾಗಿದ್ದರೆ ಏನು ಮಾಡುತ್ತಿದ್ದೆವು? ಕತೆ ಬೆಳೆಯುತ್ತಿದ್ದದ್ದು ಪತ್ರಿಕೆಯಲ್ಲಿ ಮಾತ್ರವಲ್ಲ, ಆ ಏಳು ದಿನಗಳಲ್ಲಿಯೂ. ನಮ್ಮ ಸರಣಿಯಲ್ಲಿ ‘ಮುಂದೇನು’ ಎಂಬ ಪ್ರಶ್ನೆ ಹುಟ್ಟುವುದಕ್ಕೂ ಮುಂದಿನ ಕಂತು ತಾನಾಗಿ ಶುರುವಾಗುವುದಕ್ಕೂ ಮೂರು ಸೆಕೆಂಡಿನ ಅಂತರ. ಯೋಚಿಸಲು ಜಾಗವೇ ಇಲ್ಲ. ಐದು ಸರಣಿ ನೋಡಿದ ನನಗೆ ಇವತ್ತು ಒಬ್ಬ ನಾಯಕಿಯ ಹೆಸರೂ ನೆನಪಿಲ್ಲ. ಅಜ್ಜಿಗೆ ನಲವತ್ತು ವರ್ಷದ ಹಿಂದಿನ ಹೆಸರುಗಳು ನೆನಪಿವೆ.

ಒಂದು ಟಿಕ್‌ನ ಕತೆ

ಈಗ ಹೇಳಲು ನಾಚಿಕೆಯಾಗುವ ವಿಷಯ. ನನ್ನ ಪ್ರಾಜೆಕ್ಟ್ ತಂಡದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮಲೆನಾಡಿನವಳು. ಅವಳೆಂದರೆ ನನಗೆ ಇಷ್ಟ, ಅವಳಿಗೂ ಅದು ಸ್ವಲ್ಪ ಗೊತ್ತು. ನಾನು ದಿನಕ್ಕೆ ನಲವತ್ತು ಕಂತು ನೋಡುತ್ತಿದ್ದ ಆ ಹದಿನೈದು ದಿನಗಳಲ್ಲೇ ಅವಳು ಊರಿಗೆ ಹೋದಳು. ಮೆಸೇಜ್ ಹಾಕಿದೆ. ಒಂದೇ ಟಿಕ್. ಮರುದಿನವೂ ಒಂದೇ ಟಿಕ್. ಎರಡನೆಯ ರಾತ್ರಿ ಉದ್ದದ ಮೆಸೇಜ್ ಬರೆದೆ. ‘ಇವತ್ತು ನಿನಗೆ ನನ್ನ ಬೆಲೆ ಗೊತ್ತಿಲ್ಲ. ಗೊತ್ತಾಗುವ ದಿನ ನಾನು ಸಿಗುವುದಿಲ್ಲ’ ಎಂಬುದು ಅದರ ಕೊನೆಯ ಸಾಲು. ಅದು ನನ್ನ ಮಾತೇ ಅಲ್ಲ, ಯಾವುದೋ ಕಂತಿನ ಡಬ್ಬಿಂಗ್ ಡೈಲಾಗ್ ಎಂದು ಆಗ ಹೊಳೆಯಲೇ ಇಲ್ಲ.

ನಾಲ್ಕನೆಯ ದಿನ ಉತ್ತರ ಬಂತು: ‘ಅಪ್ಪ ಅಡಿಕೆ ಮರದಿಂದ ಬಿದ್ರು. ಶಿವಮೊಗ್ಗದಲ್ಲಿ ಆಪರೇಷನ್ ಆಯ್ತು. ಫೋನ್ ಮನೇಲೇ ಉಳಿದಿತ್ತು, ಈಗ ನೋಡ್ದೆ.’ ಅಷ್ಟೇ. ಬಯ್ಗುಳವಿಲ್ಲ, ಕಣ್ಣೀರಿಲ್ಲ. ಕಪಾಳಕ್ಕೆ ಹೊಡೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅವಳು ಕಾಲೇಜಿಗೆ ಬಂದ ಮೇಲೆ ಕ್ಯಾಂಟೀನಿನಲ್ಲಿ ಸಾರಿ ಕೇಳಿದೆ. ‘ಸರಿ ಬಿಡು’ ಎಂದು ಲ್ಯಾಪ್‌ಟಾಪ್ ತೆರೆದಳು. ಮತ್ತೆ ಮೊದಲಿನಂತೆ ಮಾತನಾಡಲು ಅವಳಿಗೆ ಒಂದು ತಿಂಗಳು ಬೇಕಾಯಿತು.

ನಾನು ಹಾಳು ಮಾಡಿಕೊಂಡ ಇಂಟರ್ನಲ್ಸ್‌ನಲ್ಲಿ ಒಂದು ಪ್ರಶ್ನೆ ಹೀಗಿತ್ತು: ಒಂದು ಸಿಸ್ಟಮ್‌ಗೆ ಹಠಾತ್ತನೆ ಇನ್‌ಪುಟ್ ಕೊಟ್ಟರೆ ಅದು ಹೇಗೆ ಪ್ರತಿಕ್ರಿಯಿಸುತ್ತದೆ? ಮೊದಲು ಏರುತ್ತದೆ, ಅದು ರೈಸ್ ಟೈಮ್. ಮಿತಿ ಮೀರಿ ಹಾರುತ್ತದೆ, ಅದು ಓವರ್‌ಶೂಟ್. ಆಮೇಲೆ ಮೇಲೆ ಕೆಳಗೆ ಓಲಾಡುತ್ತಾ ನಿಧಾನಕ್ಕೆ ಒಂದು ನೆಲೆಗೆ ಬರುತ್ತದೆ, ಅದು ಸೆಟ್ಲಿಂಗ್ ಟೈಮ್. ಈ ಸರಣಿಗಳು ತೋರಿಸುವುದು ಮೊದಲ ಎರಡನ್ನು ಮಾತ್ರ. ನೆಲೆಗೆ ಬರುವಷ್ಟರಲ್ಲಿ ಇನ್ನೊಂದು ಪೆಟ್ಟು ಕೊಟ್ಟು ಮತ್ತೆ ಏರಿಸುತ್ತವೆ. ಪ್ರೀತಿಯಾಗಲಿ, ಕೆಲಸ ಹುಡುಕುವುದಾಗಲಿ, ನಮ್ಮ ಬದುಕಿನ ಬಹುಪಾಲು ನಡೆಯುವುದು ಆ ಮೂರನೆಯದರಲ್ಲಿ.

ಹಾಗೆಂದು ನೋಡಲೇಬೇಡಿ ಅನ್ನುವುದಿಲ್ಲ. ಅಕ್ಕನ ಬಸ್ ಪ್ರಯಾಣದಿಂದ ಅದನ್ನು ಕಿತ್ತುಕೊಳ್ಳಲು ನಾನ್ಯಾರು? ನಮ್ಮ ಕಾಲೇಜಿನ ನಾಟಕ ತಂಡದ ಸೀನಿಯರ್ ಒಬ್ಬನಿಗೆ ಇಂಥದ್ದೇ ಸರಣಿಯಲ್ಲಿ ಎಡಿಟಿಂಗ್ ಕೆಲಸ ಸಿಕ್ಕಿದೆ, ಅದೂ ಸಣ್ಣ ಮಾತಲ್ಲ. ಅವನಂಥವರು ಯಾರಾದರೂ ಇದೇ ತೊಂಬತ್ತು ಸೆಕೆಂಡಿನಲ್ಲಿ, ಕೊನೆಗೂ ಡೆಲಿವರಿ ಹುಡುಗನಾಗಿಯೇ ಉಳಿಯುವವನ ಕತೆ ಹೇಳಲಿ ಎಂಬುದು ನನ್ನ ಆಸೆ. ನೋಡುವವರಿಗೆ ಎರಡೇ ಮಾತು: ಯುಪಿಐ ಆ್ಯಪ್ ತೆರೆದು ಆಟೋಪೇ ಪಟ್ಟಿಯನ್ನು ಇವತ್ತೇ ಒಮ್ಮೆ ನೋಡಿ. ಮತ್ತು ಕಂತು ನೋಡಿದ ಬಿಸಿಯಲ್ಲಿ ಯಾರಿಗೂ ಮೆಸೇಜ್ ಬರೆಯಬೇಡಿ.

ಕಳೆದ ವಾರ ಲ್ಯಾಬ್‌ನಲ್ಲಿ ಬೋರ್ಡಿಗೆ ಸೋಲ್ಡರ್ ಮಾಡುತ್ತಿದ್ದಾಗ ಅವಳು ತಲೆಯೆತ್ತದೆ, ‘ಅಪ್ಪ ನಿನ್ನೆ ವಾಕರ್ ಹಿಡ್ಕೊಂಡು ಅಂಗಳದವರೆಗೂ ನಡೆದ್ರಂತೆ’ ಅಂದಳು. ‘ಹೌದಾ?’ ಅಂದೆ. ‘ಹ್ಞೂಂ, ಆ ವೈರ್ ಸರಿಯಾಗಿ ಹಿಡ್ಕೋ’ ಅಂದಳು. ಹಿಡಿದುಕೊಂಡೆ.