ಎತ್ತಿಟ್ಟ ಪುಸ್ತಕ, ಸಲ್ಲದ ಹಣ

ಕೊಳ್ಳುತ್ತೇನೆಂದು ಮಾತು ಕೊಟ್ಟು ಹಣ ಕಳುಹಿಸದ ಗಿರಾಕಿಯನ್ನು ಹೇಗೆ ನಡೆಸಿಕೊಳ್ಳತಕ್ಕದ್ದು, ಹಲವು ವಸ್ತುಗಳನ್ನು ಒಂದೇ ಕಟ್ಟಿನಲ್ಲಿ ಕಳುಹಿಸಿದಾಗ ಸಾಗಣೆಯಲ್ಲಿ ಉಳಿದ ಹಣ ನ್ಯಾಯವಾಗಿ ಯಾರಿಗೆ ಸೇರತಕ್ಕದ್ದು ಎಂಬ ಎರಡು ಪ್ರಶ್ನೆಗಳು ಆನ್‌ಲೈನ್ ವ್ಯಾಪಾರ ಮಾಡುವ ಸಣ್ಣ ಮಾರಾಟಗಾರರನ್ನು ಎಡೆಬಿಡದೆ ಕಾಡುತ್ತಿರುತ್ತವೆ. ಮೊದಲನೆಯದಕ್ಕೆ ಗಿರಾಕಿಯ ಅಪ್ರಾಮಾಣಿಕತೆಯೂ ಎರಡನೆಯದಕ್ಕೆ ಮಾರಾಟಗಾರನ ಲೋಭವೂ ಕಾರಣವೆಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದು ರೂಢಿ. ನನಗೆ ತೋರುವಮಟ್ಟಿಗೆ ಇವೆರಡಕ್ಕೂ ಮೂಲ ಒಂದೇ: ವ್ಯವಹಾರವು ಯಾವ ಗಳಿಗೆಯಲ್ಲಿ ಕುದುರಿತು, ಯಾವ ಗಳಿಗೆಯಲ್ಲಿ ಮುಗಿಯಿತು ಎಂಬುದನ್ನು ಉಭಯರೂ ನಿಷ್ಕರ್ಷಿಸಿಕೊಳ್ಳದಿರುವುದು. ಬೆಲೆ ಹೇಳುವ ಕಾಲಕ್ಕೇ ಅದನ್ನು ನಿಷ್ಕರ್ಷಿಸುವ ಹೊಣೆ ಮಾರಾಟಗಾರನದೆಂಬುದು ನನ್ನ ಪಕ್ಷ.

ಹಳೆಯ ಕನ್ನಡ ಪುಸ್ತಕಗಳ ವ್ಯಾಪಾರವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಪ್ರತಿ ಮುಗಿದುಹೋದ ಕಾದಂಬರಿಯೊಂದರ ರಕ್ಷಾಪುಟದ ಚಿತ್ರವನ್ನು ಮಾರಾಟಗಾರನು ರಾತ್ರಿ ಊಟದ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತಾನೆ, ನಿಮಿಷ ಕಳೆಯುವಷ್ಟರಲ್ಲಿ, “ಸಾರ್, ಇದು ನನಗಿರಲಿ, ಎತ್ತಿಡಿ. ಶನಿವಾರ ಇನ್ನೂ ಹಾಕ್ತೀರಲ್ಲ, ಎಲ್ಲಾ ಸೇರಿಸಿ ಒಂದೇ ಸಲ ದುಡ್ಡು ಹಾಕ್ತೀನಿ” ಎಂದು ಉತ್ತರ ಬರುತ್ತದೆ. ಅನಂತರ ಬಂದ ಇಬ್ಬರಿಗೆ ಪುಸ್ತಕ ಹೋಯಿತೆಂದು ಹೇಳಿಯಾಯಿತು. ಶನಿವಾರ ಇನ್ನೆರಡು ಪುಸ್ತಕಗಳು ಆ ರಾಶಿಗೆ ಸೇರಿದವು. ಮುಂದಿನ ವಾರ ಕಳುಹಿಸಿದ ಸಂದೇಶಕ್ಕೆ ನೀಲಿ ಗೆರೆಗಳು ಬಿದ್ದವೇ ಹೊರತು ಉತ್ತರ ಬರಲಿಲ್ಲ. ಇಲ್ಲಿ ಗಿರಾಕಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಂಚೆಯ ಖರ್ಚನ್ನು ಉಳಿಸಬೇಕೆಂಬ ಸಹಜವಾದ ಆಸೆಯೇ ಹಣ ಕೊಡುವ ದಿನವನ್ನು ಮುಂದಕ್ಕೆ ತಳ್ಳಿತು. ದಿನ ತಳ್ಳಿದಷ್ಟೂ ಉತ್ಸಾಹ ಆರಿತು. ಉತ್ಸಾಹ ಆರಿದಮೇಲೆ ಬೇಡವೆಂದು ಹೇಳುವುದಕ್ಕೆ ಸಂಕೋಚ ಅಡ್ಡಬಂದಿತು. ನಮ್ಮ ಜನ ಮುಖ ಮುರಿದುಕೊಳ್ಳುವುದಕ್ಕಿಂತ ಮೌನವನ್ನೇ ಸಭ್ಯವೆಂದು ಬಗೆಯುವವರಲ್ಲವೆ? ಒಟ್ಟಿಗೆ ಕಳುಹಿಸುವ ಅನುಕೂಲಕ್ಕೆ ಕಾಲದ ಗಡುವನ್ನು ಕಟ್ಟದೆ ಹೋದರೆ, ಹಣ ಕೊಡದಿರುವುದಕ್ಕೆ ಅದಕ್ಕಿಂತ ಗೌರವಸ್ಥವಾದ ನೆಪ ಮತ್ತೊಂದಿಲ್ಲ.

ಎದುರೆದುರು ನಡೆಯುವ ವ್ಯಾಪಾರದಲ್ಲಿ ಈ ತೊಡಕು ಹುಟ್ಟುವುದಕ್ಕೆ ಅವಕಾಶವೇ ಕಡಮೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದಾಗ ಪುಸ್ತಕವೂ ಹಣವೂ ಒಂದೇ ಕ್ಷಣದಲ್ಲಿ ಕೈ ಬದಲಾಯಿಸುತ್ತಿದ್ದವು. 1930ರ ಸರಕು ಮಾರಾಟ ಕಾಯಿದೆಯೂ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ವಸ್ತುವನ್ನು ಕೊಡುವುದೂ ಹಣ ಸಲ್ಲಿಸುವುದೂ ಜೊತೆಜೊತೆಯಾಗಿ ನಡೆಯತಕ್ಕದ್ದೆಂದೇ ವಿಧಿಸುತ್ತದೆ. ದೂರದ ಗಿರಾಕಿಯ ವಿಷಯದಲ್ಲಿ ಆ ಸಮಕಾಲಿಕತೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಅಂಚೆಯವರು 1877ರಲ್ಲಿ, ಹಣ ಕೊಟ್ಟು ಕಟ್ಟನ್ನು ಬಿಡಿಸಿಕೊಳ್ಳುವ ವಿ.ಪಿ.ಪಿ. ಪದ್ಧತಿಯನ್ನು ಈ ದೇಶದಲ್ಲಿ ಜಾರಿಗೆ ತಂದರು. ಕಟ್ಟನ್ನು ಬಿಡಿಸಿಕೊಳ್ಳದೆ ಹಿಂದಕ್ಕೆ ಕಳುಹಿಸುವವರಿಂದ ಪ್ರಕಾಶಕರು ಪಟ್ಟ ಪಾಡು ಹಳೆಯದು. ಇಂದಿನ ಕ್ಯಾಷ್ ಆನ್ ಡೆಲಿವರಿಯಲ್ಲಿ ಆರ್‌ಟಿಓ (ಕಳುಹಿಸಿದಲ್ಲಿಗೇ ವಾಪಸು) ಎಂಬ ಹೆಸರಿನಿಂದ ಮಾರಾಟಗಾರರು ನಿಟ್ಟುಸಿರುಬಿಡುವುದೂ ಅದೇ ಪಾಡಿಗೆ, ಹೋಗಿ ಬರುವ ಎರಡು ಸಾಗಣೆಗಳ ವೆಚ್ಚವೂ ಬಹುಮಟ್ಟಿಗೆ ಮಾರಿದವನ ತಲೆಯ ಮೇಲೇ ಬೀಳುವುದರಿಂದ.

ಹಾಗಾದರೆ ಹಣ ಬಾರದವನಿಗೆ ಗತಿಯೇನು? ಮೇಲೆ ಹೇಳಿದ ಕಾಯಿದೆಯು ಹಣ ಸಂದಾಯವಾಗದ ಮಾರಾಟಗಾರನಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ವಸ್ತುವನ್ನು ತಡೆಹಿಡಿಯುವ, ದಾರಿಯಲ್ಲಿರುವುದನ್ನು ನಿಲ್ಲಿಸುವ, ಮತ್ತೆ ಮಾರುವ ಹಕ್ಕುಗಳು ಅಲ್ಲಿ ಹೇಳಲ್ಪಟ್ಟಿವೆ. ಇವುಗಳಲ್ಲಿ ಮರುಮಾರಾಟವನ್ನು ಕುರಿತ 54ನೆಯ ಪ್ರಕರಣವು ಮನನಯೋಗ್ಯವಾದುದು: ಮತ್ತೆ ಮಾರುತ್ತೇನೆಂದು ಮುಂಚಿತವಾಗಿ ತಿಳಿಸಿ, ಯುಕ್ತವಾದ ಕಾಲ ಕೊಟ್ಟು, ಆಮೇಲೆ ಮಾರಿದವನು ತನಗಾದ ನಷ್ಟವನ್ನು ಮೊದಲ ಗಿರಾಕಿಯಿಂದ ಕೇಳಬಹುದು, ಹೆಚ್ಚಿಗೆ ಬಂದ ಲಾಭವೂ ಮಾರಿದವನದೇ, ಬೇಗ ಕೆಡುವ ವಸ್ತುವಲ್ಲದಿದ್ದರೂ ತಿಳಿಸದೆ ಮಾರಿದನೋ, ನಷ್ಟ ಕೇಳುವ ಹಕ್ಕೂ ಇಲ್ಲ, ಬಂದ ಲಾಭವೂ ಮೊದಲ ಗಿರಾಕಿಗೆ ಸಲ್ಲುತ್ತದೆ. ಮುನ್ನೂರು ರೂಪಾಯಿಯ ಪುಸ್ತಕಕ್ಕಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲವೆಂಬುದು ನಿಜ. ಆದರೂ “ನಾಳೆ ಸಂಜೆಯೊಳಗೆ ಹಣ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇನೆ” ಎಂಬ ಒಂದು ಸಾಲನ್ನು ಬರೆದವನಿಗೂ ಬರೆಯದವನಿಗೂ ಕಾನೂನು ಇಷ್ಟು ಅಂತರ ಕಂಡಿದೆಯೆಂದಮೇಲೆ, ಆ ಸಾಲನ್ನು ಬರೆಯುವ ಶ್ರಮವನ್ನು ಉಳಿಸಿಕೊಂಡು ಆಮೇಲೆ ಗಿರಾಕಿಯನ್ನು ನಿಂದಿಸುವವನ ಬಗ್ಗೆ ನನಗೆ ಮರುಕವಿಲ್ಲ.

ಈಬೇ ಸಂಸ್ಥೆಯು ನಾಲ್ಕು ದಿನಗಳಾದರೂ ಹಣ ಬಾರದ ಆರ್ಡರನ್ನು ರದ್ದುಪಡಿಸುವ ಅಧಿಕಾರವನ್ನು ಮಾರಾಟಗಾರನಿಗೆ ಕೊಟ್ಟಿದೆ. ಗಿರಾಕಿಯ ಮೇಲೆ ಪ್ರತಿಕೂಲವಾದ ಅಭಿಪ್ರಾಯ ಬರೆಯುವ ಅವಕಾಶವನ್ನಾದರೋ 2008ರಲ್ಲೇ ಅವನಿಂದ ಹಿಂತೆಗೆದುಕೊಂಡಿತು. ಆಗ ಮಾರಾಟಗಾರರು ಬಹಳ ಗೊಣಗಿದರು. ನನಗೆ ಆ ಕ್ರಮದಲ್ಲಿ ಅರ್ಧ ವಿವೇಕ ಕಾಣುತ್ತದೆ. ಹಣ ಹಾಕದವರ ಹೆಸರನ್ನೂ ಫೋನ್ ನಂಬರನ್ನೂ ಗುಂಪಿನಲ್ಲಿ ಬಹಿರಂಗಪಡಿಸಿ ಛೀಮಾರಿ ಹಾಕುವ ನಮ್ಮ ಕಡೆಯ ಚಾಳಿಯಿಂದ ಹಣವಂತೂ ಬರುವುದಿಲ್ಲ. ನೋಡುತ್ತ ಕುಳಿತ ಸಾಧುಗಳಾದ ಗಿರಾಕಿಗಳು ನಾಳೆ ತಮಗೂ ಇದೇ ಗತಿಯೆಂದು ಹೆದರಿ ಹಿಂಜರಿಯುತ್ತಾರೆ. ಗಡುವು ಮೀರಿದ ಆರ್ಡರು ತಾನಾಗಿ ಬಿದ್ದುಹೋಯಿತೆಂದು ತಿಳಿದು, ಪದೇಪದೇ ಹಾಗೆ ಮಾಡುವವರಿಗೆ ಮುಂಗಡವಿಲ್ಲದೆ ಎತ್ತಿಡದಿದ್ದರೆ ಸಾಕು. ಮಾರಾಟಗಾರರೇನು ಸತ್ಯಹರಿಶ್ಚಂದ್ರರ ವಂಶದವರೆ? ಒಬ್ಬರಿಗೆಂದು ಎತ್ತಿಟ್ಟುದನ್ನು ಐವತ್ತು ರೂಪಾಯಿ ಹೆಚ್ಚು ಕೊಡುವವನಿಗೆ ಜಾರಿಸಿ, “ಸ್ಟಾಕ್ ಇರಲಿಲ್ಲ” ಎಂದವರೂ ಉಂಟು. ವ್ಯವಹಾರವನ್ನು ಏಕಪಕ್ಷೀಯವಾಗಿ ರದ್ದುಗೊಳಿಸಿದಾಗ ತಾನೂ ಅಂಥದೇ ಶುಲ್ಕವನ್ನು ಹೊರದ ಸಂಸ್ಥೆಯು ಗ್ರಾಹಕರ ಮೇಲೆ ರದ್ದತಿಯ ಶುಲ್ಕ ಹೇರಕೂಡದೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುವುದರಲ್ಲಿ ಇರುವ ಸಮತೂಕವು, ಆ ನಿಯಮಗಳ ವ್ಯಾಪ್ತಿಗೆ ಬಾರದ ಮನೆವ್ಯಾಪಾರಕ್ಕೂ ಅನುಸರಣೀಯವಾದುದು.

ಇನ್ನು ಸಾಗಣೆಯ ಮಾತು. 2025ರ ಮೇ ತಿಂಗಳಿನಲ್ಲಿ ಆರಂಭವಾದ ‘ಜ್ಞಾನ ಪೋಸ್ಟ್’ ಸೇವೆಯಲ್ಲಿ 300 ಗ್ರಾಂವರೆಗಿನ ಪುಸ್ತಕದ ಕಟ್ಟಿಗೆ 20 ರೂಪಾಯಿ, 5 ಕಿಲೋ ತೂಗುವುದಕ್ಕೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ತಲಾ 300 ಗ್ರಾಂ ತೂಗುವ 15 ಪುಸ್ತಕಗಳನ್ನು ಬಿಡಿಬಿಡಿಯಾಗಿ ಕಳುಹಿಸಿದರೆ 300 ರೂಪಾಯಿ. ಒಟ್ಟಿಗೆ ಕಟ್ಟಿದರೆ 100ರೊಳಗೆ. ಈ 200 ರೂಪಾಯಿಯ ಮೇಲೆ ಮಾರಾಟಗಾರನಿಗೆ ಯಾವ ಸ್ವಾಮ್ಯವೂ ಇಲ್ಲವೆಂದು ನಾನು ಹೇಳುತ್ತೇನೆ. ಅಂಚೆಯ ಹೆಸರಿನಲ್ಲಿ ಪಡೆದದ್ದು ಅಂಚೆಗೆ ಸಲ್ಲಬೇಕು, ಇಲ್ಲವೆ ಕೊಟ್ಟವನಿಗೆ ಮರಳಬೇಕು. ಗಿರಾಕಿ ಕೇಳಲಿ, ಬಿಡಲಿ. ಆದರೆ ಎರಡನೆಯ ಪುಸ್ತಕ ಪುಕ್ಕಟೆಯಾಗಿ ಬರಬೇಕೆನ್ನುವ ಗಿರಾಕಿಯೂ ಲೆಕ್ಕ ತಪ್ಪಿದವನೇ. ತೂಕಕ್ಕೆ ದರವುಂಟು, ಕಟ್ಟುವುದಕ್ಕೆ ಶ್ರಮವುಂಟು. ದಪ್ಪನೆಯ ನಿಘಂಟಿನ ಕೆಳಗೆ ತೆಳುವಾದ ಕವನಸಂಕಲನವನ್ನಿಟ್ಟು ದಾರವೆಳೆದರೆ ಸಂಕಲನದ ಬೆನ್ನು ಮುರಿಯುತ್ತದೆ. ನಡುವೆ ರಟ್ಟು ಕೊಡಬೇಕು, ನಾಲ್ಕು ಮೂಲೆಗಳಿಗೂ ಮಡಿಕೆ ಹಾಕಬೇಕು, ಮಳೆಗಾಲವಾದರೆ ಪ್ಲಾಸ್ಟಿಕ್ ಸುತ್ತಬೇಕು. ಈ ಕೂಲಿಯನ್ನು ಅಂಚೆ ವೆಚ್ಚವೆಂಬ ಹೆಸರಿನೊಳಗೆ ಬಚ್ಚಿಟ್ಟಾಗಲೇ ರಸೀತಿ ನೋಡಿದ ಗಿರಾಕಿಗೆ ಮೋಸದ ವಾಸನೆ ಹೊಡೆಯುವುದು. ಕಟ್ಟುವ ಖರ್ಚು ಇಷ್ಟು, ಅಂಚೆ ಇಷ್ಟು ಎಂದು ಬೇರೆಬೇರೆಯಾಗಿ ಹೇಳಿದವನೊಡನೆ ವಾದಿಸುವವರು ವಿರಳ. ‘ಸಾಗಣೆ ಉಚಿತ’ ಎಂದು ಬೆಲೆಯೊಳಗೇ ಸೇರಿಸಿದ್ದರೆ ಉಳಿತಾಯ ಕೇಳುವ ಹಕ್ಕು ಗಿರಾಕಿಗೂ ಇಲ್ಲವೆನ್ನಬೇಕು. ತೋರಿಸಿದ ಒಟ್ಟು ಬೆಲೆಯನ್ನು ಅವನು ಒಪ್ಪಿಯೇ ಕೊಂಡಿದ್ದಾನೆ.

ಎರಡು ಜಗಳಗಳನ್ನೂ ಏಕಕಾಲದಲ್ಲಿ ತಪ್ಪಿಸುವ ಉಪಾಯವು ಹೀಗಿರುವಾಗ ಸ್ಪಷ್ಟ: ಪುಸ್ತಕದ ಬೆಲೆಯನ್ನು ಎತ್ತಿಡುವ ದಿನವೇ ತೆಗೆದುಕೊಳ್ಳುವುದು, ಸಾಗಣೆಯ ಹಣವನ್ನು ಕಟ್ಟು ತೂಗಿದ ದಿನ ತೆಗೆದುಕೊಳ್ಳುವುದು, ಎಷ್ಟು ದಿನ ಕಾಯುವುದೆಂದು ಮೊದಲೇ ಬರೆದು ಹಾಕುವುದು. ಹಣ ಕೊಟ್ಟಮೇಲೆ ಪುಸ್ತಕ ಬಾರದಿದ್ದರೆಂಬ ಗಿರಾಕಿಯ ಭಯ ನಿರಾಧಾರವಲ್ಲ. ಅದಕ್ಕೆ ಮಾರಾಟಗಾರನ ಹೆಸರೇ ಜಾಮೀನು. ಈ ವಿಧಾನ ಎಲ್ಲರಿಗಿಂತ ಹೆಚ್ಚಾಗಿ ಒಪ್ಪುವುದು ಪರದೇಶದಲ್ಲಿರುವ ಕನ್ನಡಿಗರಿಗೆ. ಅವರಿಗೆ ಅಂಚೆಯೇ ಪುಸ್ತಕಕ್ಕಿಂತ ತುಟ್ಟಿಯಾದ್ದರಿಂದ ತಿಂಗಳುಗಟ್ಟಲೆ ರಾಶಿ ಕೂಡಿಸುವುದು ಅನಿವಾರ್ಯ, ಅವರ ಗಡುವನ್ನು ಉದ್ದವಾಗಿ ಇಡುವುದೇ ನ್ಯಾಯ. ಆದರೆ ಹಣ ಪಡೆದು ಇಟ್ಟುಕೊಂಡ ರಾಶಿಗೆ ಗೆದ್ದಲು ಹಿಡಿದರೆ? ಒಪ್ಪಿಸಿದ ವಸ್ತುವನ್ನು ಸಾಮಾನ್ಯ ವಿವೇಕಿಯಾದವನು ತನ್ನದನ್ನು ಕಾಯುವಷ್ಟು ಜಾಗರೂಕತೆಯಿಂದ ಕಾಯಬೇಕೆಂದು 1872ರ ಕರಾರು ಕಾಯಿದೆ ಹೇಳುತ್ತದೆ. ಗೋಡೆಗೆ ಒತ್ತಿ ನೆಲದ ಮೇಲೆ ಪೇರಿಸಿದವನು ಆ ಅಳತೆಗೆ ನಿಲ್ಲುವುದಿಲ್ಲ. ಅಂಥವನು ಗಿರಾಕಿ ತಡಮಾಡಿದನೆಂದು ವಾದ ಹೂಡದೆ ಪುಸ್ತಕದ ಹಣವನ್ನು ಮರಳಿಸತಕ್ಕದ್ದು.